ಬೀರುವಿನ ಕಾಲು ಭಾಗ ಖಾಲಿ ಬಿಡಿ

ಬೀರು ಬರಿದು ಮಾಡಿ ಮತ್ತೆ ಜೋಡಿಸಲು ನಮ್ಮ ಕಡೆಯ ಹವೆಗೆ ಒಪ್ಪುವ ಕಾಲ ವರ್ಷಕ್ಕೆ ಎರಡು ಸಲ ಬರುತ್ತದೆ. ಯುಗಾದಿ ಕಳೆದು ಮುಂಗಾರು ಕಾಲಿಡುವ ತನಕ ಒಂದು, ದೀಪಾವಳಿ ಮುಗಿದು ಗಾಳಿ ಒಣಗಿದ ಮೇಲೆ ಇನ್ನೊಂದು. ಆದರೆ ಹೆಚ್ಚಿನ ಮನೆಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಶ್ರಾವಣದ ಮಳೆಯಲ್ಲಿ. ಆಗ ಹೊರಗೆ ತೆಗೆದು ಹರಡಿದ ರೇಷ್ಮೆ ಸೀರೆ ಗಾಳಿಯಲ್ಲಿರುವ ತೇವವನ್ನೆಲ್ಲ ಹೀರಿಕೊಂಡು ಒಳಗೆ ಹೋಗುತ್ತದೆ. ಮುಂದಿನ ಮದುವೆಗೆ ತೆಗೆದಾಗ ಅಂಚಿನ ಜರಿ ಕಪ್ಪಿಟ್ಟಿದ್ದರೆ ಸೀರೆ ಅಂಗಡಿಯವರನ್ನು ಬೈದುಕೊಳ್ಳುತ್ತೇವೆ.

ಬಟ್ಟೆ ಜೋಡಿಸುವ ಬಗ್ಗೆ ಈಗ ಸಲಹೆಗೇನೂ ಬರವಿಲ್ಲ. ಮಡಿಸುವುದನ್ನು ತೋರಿಸುವ ವಿಡಿಯೊಗಳಿವೆ, ನೂರೆಂಟು ಬಗೆಯ ಡಬ್ಬಿಗಳು ಮನೆ ಬಾಗಿಲಿಗೆ ಬರುತ್ತವೆ. ಇಷ್ಟೆಲ್ಲ ಮಾಡಿಯೂ ಹದಿನೈದು ದಿನಕ್ಕೆ ಬೀರು ಮೊದಲಿನ ಅವತಾರಕ್ಕೇ ಮರಳುವುದಕ್ಕೆ ಕಾರಣ ಹುಡುಕಬೇಕಿಲ್ಲ. ಹಿಡಿಸುವುದಕ್ಕಿಂತ ಹೆಚ್ಚು ಬಟ್ಟೆ ಅದರಲ್ಲಿದೆ. ಕಿಕ್ಕಿರಿದ ಖಾನೆಯಿಂದ ಒಂದು ಅಂಗಿ ಎಳೆದರೆ ಮೂರು ಜಾರಿ ಬೀಳುತ್ತವೆ. ಒಗೆದದ್ದನ್ನು ವಾಪಸ್ ಇಡುವಾಗ ಒಂದು ಕೈಯಲ್ಲಿ ಗುಡ್ಡೆಯನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತುರುಕಬೇಕು. ಬೆಳಗಿನ ಗಡಿಬಿಡಿಯಲ್ಲಿ, ಕುಕ್ಕರ್ ಕೂಗುತ್ತಿರುವಾಗ, ಅಷ್ಟು ತಾಳ್ಮೆ ಯಾರಿಗಿರುತ್ತದೆ? ಖಾನೆಯ ಕಾಲು ಭಾಗ ಖಾಲಿಯಿದ್ದರೆ ಇಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಮೂಲೆಯ ಗಾಳಿ ಆಡುವುದಕ್ಕೂ ಅದೇ ಖಾಲಿ ಜಾಗ ಬೇಕು. ಹೀಗಾಗಿ ಒಪ್ಪವಾಗಿರಲು ಬೇಕಾದದ್ದೂ ಬೂಷ್ಟು ಹಿಡಿಯದಿರಲು ಬೇಕಾದದ್ದೂ ಒಂದೇ. ಮುಂದೆ ಹೇಳುವ ಉಪಾಯಗಳೆಲ್ಲ ಈ ಕಾಲು ಭಾಗವನ್ನು ಹೇಗೆ ಗಳಿಸುವುದು, ಗಳಿಸಿದ್ದನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದರ ಬಗ್ಗೆ.

ಹಿಂದಿನ ಸಾಲಿನ ಕಥೆ

ಈಗಿನ ಫ್ಲ್ಯಾಟುಗಳಲ್ಲಿ ಮಾಡಿಸುವ ವಾರ್ಡ್‌ರೋಬಿನ ಆಳ ಸಾಮಾನ್ಯವಾಗಿ 24 ಇಂಚು. ಈ ಅಳತೆ ಬಂದಿದ್ದು ಹ್ಯಾಂಗರಿನಿಂದ. ಹ್ಯಾಂಗರಿನ ಅಗಲ 16–17 ಇಂಚು, ಅದಕ್ಕೆ ಹಾಕಿದ ಅಂಗಿಯ ತೋಳು ಬಾಗಿಲಿಗೆ ತಗಲದಿರಬೇಕಾದರೆ ಒಳಗೆ 21–22 ಇಂಚು ಬೇಕೇ ಬೇಕು. ತೂಗುಹಾಕುವ ಕಡೆ ಇದು ಸರಿ. ಆದರೆ ಬಡಗಿಗಳು ಅದೇ ಆಳದಲ್ಲಿ ಮಡಿಸಿಡುವ ಖಾನೆಗಳನ್ನೂ ಮಾಡಿಬಿಡುತ್ತಾರೆ. ಮಡಿಸಿದ ಅಂಗಿಯ ಉದ್ದ ಹನ್ನೆರಡು ಇಂಚು ಇದ್ದೀತು. ಮುಂದೆ ಒಂದು ಸಾಲು ಇಟ್ಟ ಮೇಲೂ ಹಿಂದೆ ಹತ್ತು ಇಂಚು ಕತ್ತಲು ಉಳಿಯುತ್ತದೆ. ಅಲ್ಲಿಗೆ ಎರಡನೇ ಸಾಲು ಹೋಗುತ್ತದೆ, ಹೋದದ್ದು ಮರೆತುಹೋಗುತ್ತದೆ. ‘ಹಾಕ್ಕೊಳ್ಳೋಕೆ ಏನೂ ಇಲ್ಲ’ ಅನ್ನುವವರ ಬೀರುವಿನ ಹಿಂದಿನ ಸಾಲನ್ನು ಒಮ್ಮೆ ಎಳೆದು ನೋಡಿ, ಬೆಲೆಚೀಟಿ ಕೀಳದ ಕುರ್ತಾ ಸಿಕ್ಕರೆ ಆಶ್ಚರ್ಯವಿಲ್ಲ.

ಇದಕ್ಕೆ ದುಬಾರಿ ಸಾಮಾನು ಬೇಡ. ಖಾನೆಯ ಆಳಕ್ಕೆ ಸರಿಹೊಂದುವ ಉದ್ದನೆಯ, ಗಿಡ್ಡ ಗೋಡೆಯ ಬುಟ್ಟಿ ಅಥವಾ ಟ್ರೇ ಇಟ್ಟರೆ ಸಾಕು. ಎಳೆದರೆ ಹಿಂದಿನದೂ ಮುಂದೆ ಬರುತ್ತದೆ. ಶೂ ಡಬ್ಬಿಯ ಮುಚ್ಚಳ ತೆಗೆದು ಎರಡನ್ನು ಒಂದರ ಹಿಂದೆ ಒಂದು ಅಂಟಿಸಿದರೂ ನಡೆಯುತ್ತದೆ. ಟೀ ಶರ್ಟು, ಮಕ್ಕಳ ಚಡ್ಡಿ, ಲಂಗ, ರವಿಕೆ, ಲುಂಗಿ ಇವನ್ನು ಇಂಥ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಯಾವುದನ್ನು ತೆಗೆದರೂ ಪಕ್ಕದ್ದು ಅಲುಗುವುದಿಲ್ಲ.

ನಿಲ್ಲಿಸಿಡುವ ಈ ಕ್ರಮ ಮನೆಮನೆಗೂ ಹಬ್ಬಿದ್ದರಲ್ಲಿ ಜಪಾನಿನ ಮಾರಿ ಕೊಂಡೊ ಅವರ ಪಾಲು ದೊಡ್ಡದು. 2011ರಲ್ಲಿ ಅವರು ಬರೆದ ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು ‘ಇದು ಖುಷಿ ಕೊಡುತ್ತದೆಯೇ’ ಎಂದು ಕೇಳಿಕೊಳ್ಳಬೇಕು, ಇಲ್ಲವಾದರೆ ಕಳಿಸಿಕೊಡಬೇಕು ಎನ್ನುವುದು ಅವರ ಸೂತ್ರ. ಮಡಿಸುವ ವಿದ್ಯೆಯನ್ನು ಕಣ್ಣುಮುಚ್ಚಿ ಕಲಿಯಬಹುದು. ಸೂತ್ರ ಮಾತ್ರ ನಮ್ಮ ಬೀರುಗಳ ಮುಂದೆ ಸೋಲುತ್ತದೆ. ಧಾರೆಗೆ ಅತ್ತೆ ಉಡಿಸಿದ ಸೀರೆಯನ್ನು ಹಿಡಿದುಕೊಂಡು ಆ ಪ್ರಶ್ನೆ ಕೇಳಿಕೊಳ್ಳುವ ಧೈರ್ಯ ಎಷ್ಟು ಸೊಸೆಯರಿಗಿದೆ? ಅಂದಹಾಗೆ, ಮೂರನೇ ಮಗುವಾದ ಮೇಲೆ ತಮ್ಮ ಮನೆಯೂ ಅಷ್ಟೇನೂ ಓರಣವಾಗಿಲ್ಲ ಎಂದು ಆಕೆ 2023ರಲ್ಲಿ ಹೇಳಿಕೊಂಡಿದ್ದರು. ಕೇಳಿ ಎಷ್ಟೋ ತಾಯಂದಿರಿಗೆ ಜೀವಕ್ಕೆ ಹಾಯೆನಿಸಿರಬೇಕು.

ಮನೆಯಲ್ಲಿ ಹಳೇ ಉಕ್ಕಿನ ಬೀರು ಇದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ. ಗೋದ್ರೆಜ್ ಕಂಪನಿ ಇಂಥ ಬೀರು ಮಾಡತೊಡಗಿದ್ದು 1923ರಲ್ಲಿ. ಆಮೇಲೆ ಯಾರು ಮಾಡಿದರೂ ಜನರ ಬಾಯಲ್ಲಿ ಅದು ಗೋದ್ರೆಜ್ ಬೀರುವೇ ಆಯಿತು. ಇವುಗಳ ಆಳ ಕಡಿಮೆ, ಹಿಂದಿನ ಸಾಲಿನ ಕಾಟವೂ ಅಷ್ಟಕ್ಕಷ್ಟೆ. ಇನ್ನೊಂದು ಅನುಕೂಲವನ್ನು ಬಹಳ ಮನೆಗಳಲ್ಲಿ ಗಮನಿಸಿರುವುದೇ ಇಲ್ಲ. ಹೆಚ್ಚಿನ ಉಕ್ಕಿನ ಬೀರುಗಳಲ್ಲಿ ಖಾನೆಯ ಹಲಗೆಗಳು ಕೊಕ್ಕೆಯ ಮೇಲೆ ಕೂತಿರುತ್ತವೆ, ಎತ್ತಿ ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಕೊಂಡಾಗ ಇದ್ದಂತೆಯೇ ಮೂವತ್ತು ವರ್ಷ ಬಿಟ್ಟು, ಹದಿನೆಂಟು ಇಂಚು ಎತ್ತರದ ಖಾನೆಯಲ್ಲಿ ಸೀರೆಗಳನ್ನು ಗೋಪುರ ಕಟ್ಟುವುದಕ್ಕಿಂತ ಒಂದು ಹಲಗೆ ಹೆಚ್ಚಿಗೆ ಹಾಕಿಸಿ ಹತ್ತು ಇಂಚಿಗೊಂದು ಖಾನೆ ಮಾಡಿಕೊಳ್ಳುವುದು ಮೇಲು. ಎಂಟು ಬಟ್ಟೆಗಿಂತ ಎತ್ತರದ ಗುಡ್ಡೆ ನಿಲ್ಲುವುದೇ ಇಲ್ಲ.

ಕೈಗೆ ಎಟಕುವ ಎತ್ತರ

ಬಟ್ಟೆಯನ್ನು ಜಾತಿ ನೋಡಿ ಇಡುವುದಕ್ಕಿಂತ ಎಷ್ಟು ಸಲ ಬೇಕಾಗುತ್ತದೆ ಎಂಬುದನ್ನು ನೋಡಿ ಇಡುವುದು ಒಳ್ಳೆಯದು. ಮೊಣಕಾಲಿನಿಂದ ಕಣ್ಣಿನ ಎತ್ತರದವರೆಗಿನ ಜಾಗ ಬೀರುವಿನ ಚಿನ್ನದಂಥ ಜಾಗ. ದಿನ ಬಳಕೆಯದು, ಆಫೀಸಿನದು, ಶಾಲೆಯ ಸಮವಸ್ತ್ರ ಎಲ್ಲ ಅಲ್ಲಿರಲಿ. ಹಬ್ಬ, ಮದುವೆಗಳದ್ದು ಅದರ ಮೇಲೆ. ಸ್ವೆಟರ್, ರಗ್ಗು, ಅತಿಥಿಗಳು ಬಂದಾಗ ಹಾಸುವ ಜಮಖಾನ ಇವೆಲ್ಲ ಲಾಫ್ಟಿಗೋ ಅಟ್ಟಕ್ಕೋ ಹೋಗಲಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಬಟ್ಟೆಗೆ ಕುರ್ಚಿ ಹತ್ತುವ ಪ್ರಸಂಗ ಬರಲೇಬಾರದು, ಬಗ್ಗುವುದೂ ಬೇಡ. ಸೊಂಟದ ಎತ್ತರದ ಒಂದು ಖಾನೆ ಪೂರ್ತಿ ಅವರಿಗೇ ಬಿಟ್ಟುಕೊಡಿ.

ಮಕ್ಕಳಿಗೆ ತೂಗುಕೋಲು ಅವರ ಕೈಗೆ ಎಟಕುವಷ್ಟು ಕೆಳಗೆ ಇದ್ದರೆ ಐದು ವರ್ಷದ ಮಗುವೂ ತನ್ನ ಅಂಗಿ ತಾನೇ ಹಾಕಿಡುತ್ತದೆ. ಇಲ್ಲಿ ಎರಡು ಎಚ್ಚರಿಕೆ. ಎತ್ತರದ ಬಿಡಿ ಬೀರುವನ್ನು ಗೋಡೆಗೆ ಮೊಳೆ ಅಥವಾ ಬ್ರ್ಯಾಕೆಟ್ ಹಾಕಿ ಬಿಗಿಯಿರಿ, ಮಕ್ಕಳು ಖಾನೆಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಹೊರಗಿನಿಂದ ಮಾತ್ರ ತೆರೆಯುವ ಹಿಡಿಯಿರುವ ಹಳೇ ಬೀರು ಖಾಲಿ ಬಿದ್ದಿದ್ದರೆ ಬಾಗಿಲು ಮುಚ್ಚಿಕೊಳ್ಳದಂತೆ ಮಾಡಿ, ಕಣ್ಣಾಮುಚ್ಚಾಲೆ ಆಡುವವರು ಒಳಗೆ ಸಿಕ್ಕಿಕೊಳ್ಳಬಾರದು.

ಇನ್ನು ಕುರ್ಚಿ. ಮಲಗುವ ಕೋಣೆಯ ಆ ಒಂದು ಕುರ್ಚಿಯನ್ನು ಯಾರೂ ಕೂರಲು ಬಳಸುವುದಿಲ್ಲ. ಒಮ್ಮೆ ಹಾಕಿಕೊಂಡ, ಇನ್ನೂ ಒಗೆಯಬೇಕಿಲ್ಲದ, ಒಗೆದ ಬಟ್ಟೆಯ ಜೊತೆ ಇಡಲು ಮನಸ್ಸೊಪ್ಪದ ಬಟ್ಟೆಗಳೆಲ್ಲ ಅದರ ಬೆನ್ನಿಗೇರುತ್ತವೆ. ಮಡಿ ಮೈಲಿಗೆಯ ಲೆಕ್ಕ ಬಿಟ್ಟ ಮನೆಗಳಲ್ಲೂ ಈ ಅಳುಕು ಬಿಟ್ಟಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಬೆವರು ಹತ್ತಿದ ಬಟ್ಟೆಯನ್ನು ಒಗೆದದ್ದರ ಪಕ್ಕ ಇಡಬಾರದು, ಹುಳುಗಳನ್ನು ಕರೆಯುವುದೇ ಬೆವರು. ಹಾಗಾಗಿ ಕುರ್ಚಿಯ ಮೇಲೆ ಸಿಟ್ಟಾಗುವ ಬದಲು ಆ ಬಟ್ಟೆಗಳಿಗೆ ಒಂದು ಜಾಗ ಕೊಡಿ. ಹಳೇ ಮನೆಗಳ ಗೋಡೆಯಲ್ಲಿ ಗಿಳಿಗೂಟ ಇರುತ್ತಿದ್ದದ್ದು ಇದಕ್ಕೇ. ಈಗ ಬಾಗಿಲ ಹಿಂದೆ ತಲೆಗೆ ಎರಡರಂತೆ ಕೊಕ್ಕೆ ಹಾಕಿದರಾಯಿತು. ಎರಡೂ ಕೊಕ್ಕೆ ತುಂಬಿದರೆ ಒಂದು ಒಗೆಯಲು ಹೋಗಬೇಕು, ಇಷ್ಟೇ ನಿಯಮ.

ರೇಷ್ಮೆ ಸೀರೆ, ಜರಿ, ಗಂಜಿ

ಸೀರೆಗಳ ವಿಷಯಕ್ಕೆ ಬಂದರೆ ನಿಧಾನಿಸಬೇಕು. ಬೀರುವಿನಲ್ಲಿ ಇರುವುದರಲ್ಲಿ ಬೆಲೆ ಬಾಳುವುದೂ ಅವೇ, ಬೇಗ ಕೆಡುವುದೂ ಅವೇ.

ಮೊದಲು ನಿಮ್ಮ ಸೀರೆಗಳಲ್ಲಿ ಯಾವುದಕ್ಕೆ ಅಸಲಿ ಜರಿ ಇದೆ ಎಂದು ತಿಳಿದುಕೊಳ್ಳಿ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಅದರ ಮೇಲೆ ಚಿನ್ನದ ಲೇಪ ಕೊಟ್ಟದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾಗಿ ಈಗ ಕೆಎಸ್‌ಐಸಿ ನಡೆಸುತ್ತಿರುವ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ. ಅಂದಮೇಲೆ ಜರಿ ಕಪ್ಪಾಗುವುದು ಮನೆಯ ಬೆಳ್ಳಿ ದೀಪ ಕಪ್ಪಾಗುವ ಕಾರಣದಿಂದಲೇ, ಗಂಧಕದ ಅಂಶ ತಗುಲಿ. ಸೀರೆ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇದೆ. ಪಕ್ಕದಲ್ಲಿ ಇಟ್ಟ ಉಣ್ಣೆಯ ಶಾಲಿನಲ್ಲೂ ಇದೆ. ಇವೆರಡನ್ನೂ ಜರಿಯಿಂದ ದೂರ ಇಡಿ. ಉಟ್ಟ ಮೇಲೆ ಸೆಂಟು ಸಿಂಪಡಿಸಿಕೊಳ್ಳುವ ಅಭ್ಯಾಸವೂ ಜರಿಗೆ ಒಗ್ಗದು. ಹಚ್ಚುವುದಿದ್ದರೆ ಸೀರೆ ಉಡುವ ಮುಂಚೆ ಮೈಗೆ ಹಚ್ಚಿ. ತಾಮ್ರದ ಜರಿಯೂ ಹೀಗೇ ಮಂಕಾಗುತ್ತದೆ. ಪ್ಲಾಸ್ಟಿಕ್ ಎಳೆಯ ‘ಜರಿ’ಗೆ ಈ ತಾಪತ್ರಯವಿಲ್ಲ, ಅದಕ್ಕೆ ಇಷ್ಟು ಆರೈಕೆಯ ಅಗತ್ಯವೂ ಇಲ್ಲ.

ಮದುವೆಮನೆಯಿಂದ ಬಂದವರು ಸೀರೆ ಬಿಚ್ಚಿ ಮಡಿಸಿ ನೇರ ಬೀರುವಿಗೆ ಹಾಕಬಾರದು. ರಾತ್ರಿಯಿಡೀ ಫ್ಯಾನಿನ ಗಾಳಿಯಲ್ಲಿ ಆರಲಿ. ಬೆಳಗ್ಗೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸೇಫ್ಟಿ ಪಿನ್ ಉಳಿದಿದ್ದರೆ ತುಕ್ಕಿನ ಚುಕ್ಕಿ ಗ್ಯಾರಂಟಿ. ಪಾಯಸದ ಹನಿಯೋ ಎಣ್ಣೆಯ ಬೆರಳೋ ತಗುಲಿದ್ದರೆ ಅಂದೇ ಡ್ರೈಕ್ಲೀನಿಂಗಿಗೆ ಕೊಡುವುದು ಒಳ್ಳೆಯದು. ಇವತ್ತು ಕಾಣದ ಸಕ್ಕರೆಯ ಕಲೆ ಆರು ತಿಂಗಳಲ್ಲಿ ಕಂದಾಗುತ್ತದೆ.

ಸುತ್ತಿಡಲು ಹಳೇ ಬಿಳಿ ಪಂಚೆಗಿಂತ ಒಳ್ಳೆಯದು ಯಾವುದೂ ಇಲ್ಲ. ಗಂಜಿ ಹೋಗುವಂತೆ ಒಗೆದು, ಚೆನ್ನಾಗಿ ಒಣಗಿಸಿ, ತುಂಡು ಮಾಡಿ ಒಂದೊಂದರಲ್ಲಿ ಒಂದೊಂದು ಸೀರೆ ಸುತ್ತಿ. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಚೀಲ ಅಂಗಡಿಯಿಂದ ಮನೆಯವರೆಗೆ ಮಾತ್ರ. ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲು ಅದು ಬಿಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿದರೆ ಯಾವ ಸೀರೆ ಎಂದು ತಿಳಿಯದು ಎಂಬ ದೂರು ಸಹಜ. ಹೊರಗಿನ ಮಡಿಕೆಗೆ ಆ ಸೀರೆಯ ರವಿಕೆಯದೇ ಒಂದು ಚೂರು ಬಟ್ಟೆ ಹೊಲಿದುಬಿಡಿ, ಹುಡುಕುವ ಕಷ್ಟ ತಪ್ಪಿತು. ಭಾರದ ಸೀರೆಗೆ ಅದರ ರವಿಕೆಯನ್ನು ಕಟ್ಟಿನೊಳಗೇ ಇಡಿ. ದಿನ ಬಳಕೆಯ ರವಿಕೆಗಳು ಬಣ್ಣದ ಪ್ರಕಾರ ಬೇರೆ ಬುಟ್ಟಿಯಲ್ಲಿ ನಿಲ್ಲಲಿ.

ಮಡಿಕೆ ಬದಲಿಸುವುದು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಎರಡು ವರ್ಷ ಒಂದೇ ಮಡಿಕೆಯಲ್ಲಿ ಕೂತ ಸೀರೆಯನ್ನು ಬಿಚ್ಚಿ ಅಂಚನ್ನು ಕಣ್ಣ ಹತ್ತಿರ ಹಿಡಿದರೆ ಕಾಣುತ್ತದೆ. ಮಡಿಕೆ ಬಿದ್ದ ಗೆರೆಯುದ್ದಕ್ಕೂ ಜರಿಯ ತಂತಿ ಮುರಿದು ಒಳಗಿನ ರೇಷ್ಮೆ ಎಳೆ ಇಣುಕುತ್ತಿರುತ್ತದೆ. ಬೆರಳಾಡಿಸಿದರೆ ಗರಗರ ಎನ್ನುತ್ತದೆ. ಮುಂದಿನ ಸಲ ಉಟ್ಟಾಗ ಸೀಳುವುದು ಅಲ್ಲೇ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಿಸಿದರೆ ಇದು ತಪ್ಪುತ್ತದೆ. ಅಜ್ಜಿಯ ಕಾಲದ ಸೀರೆಯಾದರೆ ಮಡಿಸಲೇ ಬೇಡಿ, ಬಟ್ಟೆ ಸುತ್ತಿದ ರಟ್ಟಿನ ಕೊಳವೆಗೆ ಸುರುಳಿ ಸುತ್ತಿ. ಬಟ್ಟೆ ಅಂಗಡಿಯಲ್ಲಿ ಕೇಳಿದರೆ ಥಾನು ಸುತ್ತಿ ಬಂದ ಕೊಳವೆ ಸಿಗುತ್ತದೆ. ಹಗುರವಾದ ಕ್ರೇಪ್ ಸೀರೆಗಳನ್ನು ದಪ್ಪ ಹ್ಯಾಂಗರಿನಲ್ಲಿ ತೂಗುಹಾಕಬಹುದು. ಜರಿ ತುಂಬಿದ ಸೆರಗಿನ ಭಾರವನ್ನು ಮಾತ್ರ ಹ್ಯಾಂಗರಿಗೆ ಹೊರಿಸಬೇಡಿ, ಜಗ್ಗಿ ಜಗ್ಗಿ ಆಕಾರ ಕೆಡುತ್ತದೆ. ತಂತಿಯ ಹ್ಯಾಂಗರಂತೂ ತುಕ್ಕಿನ ತವರು.

ಬಿಸಿಲಿಗೆ ಹಾಕುವುದು ಹತ್ತಿಗೆ ಸರಿ, ರೇಷ್ಮೆಗೆ ಸಲ್ಲದು. ನೇರ ಬಿಸಿಲು ಬಣ್ಣವನ್ನೂ ತಿನ್ನುತ್ತದೆ, ಎಳೆಯ ಬಲವನ್ನೂ ಕುಂದಿಸುತ್ತದೆ. ಏಪ್ರಿಲಿನ ಒಣ ಮಧ್ಯಾಹ್ನ ಕಿಟಕಿ ತೆರೆದ ಕೋಣೆಯ ನೆರಳಿನಲ್ಲಿ ಒಂದೆರಡು ತಾಸು ಹರಡಿದರೆ ಆಯಿತು.

ಗಂಜಿ ಹಾಕಿದ ಹತ್ತಿ ಸೀರೆಯ ಶತ್ರು ಬೇರೆ. ಬೆಳ್ಳಿಯ ಬಣ್ಣದ, ಮೀನಿನಾಕಾರದ, ದೀಪ ಹಾಕಿದೊಡನೆ ಸರಕ್ಕನೆ ಓಡುವ ಸಿಲ್ವರ್‌ಫಿಶ್ ಹುಳುವನ್ನು ಹಳೇ ಪುಸ್ತಕಗಳ ನಡುವೆ ನೀವೂ ನೋಡಿರುತ್ತೀರಿ. ಅದಕ್ಕೆ ಪಿಷ್ಟ ಬೇಕು. ಪುಸ್ತಕದಲ್ಲಾದರೆ ಅಂಟು, ಬೀರುವಿನಲ್ಲಾದರೆ ಗಂಜಿ. ಆದ್ದರಿಂದ ಬಹಳ ದಿನಕ್ಕೆ ಎತ್ತಿಡುವ ಹತ್ತಿ ಸೀರೆಯನ್ನು ಗಂಜಿ ಇಲ್ಲದೆಯೇ ಇಡಬೇಕು, ಉಡುವ ವಾರ ಗಂಜಿ ಹಾಕಿ ಇಸ್ತ್ರಿ ಮಾಡಿದರಾಯಿತು. ಇಳಕಲ್ ಸೀರೆಯ ಬಗ್ಗೆ ಇನ್ನೂ ಜಾಗ್ರತೆ ಬೇಕು. ಹತ್ತಿಯ ಮೈಗೆ ಹಾಕಿದ ಗಂಜಿಗೆ ಬಂದ ಹುಳು ಪಕ್ಕದ ರೇಷ್ಮೆ ಸೆರಗನ್ನೂ ಬಿಡುವುದಿಲ್ಲ.

ಮಳೆಗಾಲದ ಬೀರು

ಗಾಳಿಯ ತೇವಾಂಶ ಶೇ. 65–70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಬೆಳೆಯಲು ಸಾಕು. ಜುಲೈ ತಿಂಗಳ ಮಂಗಳೂರಿನಲ್ಲಿ ಅದು 80ರ ಮೇಲೆಯೇ ಇರುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಲ್ಲಿ ಆಗಸ್ಟಿನಲ್ಲಿ ಚರ್ಮದ ಬೆಲ್ಟು ಎತ್ತಿದರೆ ಬೂದಿ ಬಳಿದಂತಿರುತ್ತದೆ, ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ತಂತಿಯಲ್ಲಿ. ಕೆಲವು ಮನೆಗಳಲ್ಲಿ ಬೀರುವಿನೊಳಗೆ ಸಣ್ಣ ಬಲ್ಬು ಉರಿಸುವುದುಂಟು. ಶಾಖಕ್ಕೆ ತೇವ ಇಳಿಯುವುದು ನಿಜ, ಬಟ್ಟೆ ಬಲ್ಬಿಗೆ ತಗುಲಿ ಹೊತ್ತಿಕೊಳ್ಳುವ ಅಪಾಯವೂ ಅಷ್ಟೇ ನಿಜ. ನನ್ನ ಕೇಳಿದರೆ ಬೇಡವೇ ಬೇಡ.

ತೇವ ಬೀರುವಿನೊಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ನಾವೇ ತಂದು ಇಡುವುದು. ಮಳೆಗಾಲದಲ್ಲಿ ಮುಟ್ಟಿದರೆ ಒಣಗಿದಂತೆ ಕಾಣುವ ಜೀನ್ಸಿನ ಸೊಂಟಪಟ್ಟಿ, ಜೇಬು, ಟವೆಲ್ಲಿನ ಅಂಚು ಒಳಗೆ ಇನ್ನೂ ಹಸಿಯಾಗಿರುತ್ತವೆ. ಇಸ್ತ್ರಿ ಮಾಡಿದ್ದನ್ನು ಬಿಸಿಬಿಸಿಯಾಗಿಯೇ ಪೇರಿಸಿದರೂ ಹಬೆ ಒಳಗೇ ಉಳಿಯುತ್ತದೆ. ಅರ್ಧ ಗಂಟೆ ಹೊರಗೆ ಹರಡಿ, ತಣ್ಣಗಾದ ಮೇಲೆ ಇಡಿ. ಎರಡನೆಯದು ಗೋಡೆ. ಬೆಂಗಳೂರಿನ ಎಷ್ಟೋ ಫ್ಲ್ಯಾಟುಗಳಲ್ಲಿ ವಾರ್ಡ್‌ರೋಬ್ ನಿಲ್ಲುವುದು ಬಾತ್‌ರೂಮಿನ ಗೋಡೆಗೆ ಬೆನ್ನು ಕೊಟ್ಟು. ಮಳೆ ಬಡಿಯುವ ಹೊರಗೋಡೆಯಾದರೂ ಅಷ್ಟೇ. ಗೋಡೆಯಲ್ಲಿ ನೀರು ಇದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಅಂಗೈಯಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಗೋಡೆ ಒಸರುತ್ತಿದೆ, ಪ್ಲಂಬರನ್ನು ಕರೆಯಿರಿ. ಅಂಥ ಗೋಡೆಯ ಮುಂದೆ ಯಾವ ಪುಡಿ ಇಟ್ಟರೂ ದಂಡ. ಬಿಡಿ ಬೀರುವಾದರೆ ಗೋಡೆಯಿಂದ ಮೂರು ಇಂಚು ಈಚೆಗೆ ಎಳೆಯಿರಿ, ಕಾಲಿನ ಕೆಳಗೆ ಮರದ ತುಂಡು ಕೊಡಿ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಎರಡೂ ಬಾಗಿಲು ತೆರೆದು ಎದುರಿಗೆ ಟೇಬಲ್ ಫ್ಯಾನ್ ಹಚ್ಚಿ.

ತೇವ ಹೀರುವ ಸಾಮಾನುಗಳಲ್ಲಿ ಸಿಲಿಕಾ ಜೆಲ್ ಒಳ್ಳೆಯದು, ಸಣ್ಣ ಡ್ರಾಯರಿಗೆ ಸಾಕು. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಂಗಡಿಗಳಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಹೆಚ್ಚು ನೀರು ಎಳೆಯುತ್ತದೆ. ಆದರೆ ಎಳೆದ ನೀರು ಅದರಲ್ಲೇ ದ್ರಾವಣವಾಗಿ ನಿಲ್ಲುವುದರಿಂದ ಬೀರುವಿನ ತಳದಲ್ಲಿ, ಉರುಳದ ಕಡೆ ಮಾತ್ರ ಇಡಬೇಕು. ರೇಷ್ಮೆ ಸೀರೆಯ ಮೇಲಿನ ಖಾನೆಯಲ್ಲಿ ಇಟ್ಟು ಚೆಲ್ಲಿಕೊಂಡವರ ಗೋಳು ಕೇಳುವಂತಿಲ್ಲ.

ಬೂಷ್ಟು ಆಗಲೇ ಬಂದಿದ್ದರೆ ಮನೆಯೊಳಗೆ ಕೊಡವಬೇಡಿ, ಅದರ ಬೀಜಕಣಗಳು ಇಡೀ ಕೋಣೆಗೆ ಹರಡುತ್ತವೆ. ಮೂಗಿಗೆ ಬಟ್ಟೆ ಕಟ್ಟಿ ಅಂಗಳಕ್ಕೋ ಬಾಲ್ಕನಿಗೋ ಒಯ್ದು ಒಣ ಬ್ರಷ್‌ನಿಂದ ಉಜ್ಜಿ. ಹತ್ತಿಯದನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ರೇಷ್ಮೆಯದನ್ನು ಡ್ರೈಕ್ಲೀನಿಂಗಿಗೆ ಕೊಡಿ. ಖಾನೆಗಳನ್ನು ವಿನಿಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಒಂದು ದಿನ ಪೂರ್ತಿ ಬಾಗಿಲು ತೆರೆದಿಟ್ಟು ಆಮೇಲೆ ತುಂಬಿ. ಆಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ.

ನುಸಿಗುಳಿಗೆಯ ಬಗ್ಗೆ ನಮ್ಮಲ್ಲಿ ನಂಬಿಕೆ ಅತಿಯಾಯಿತು. ಅದು ತೇವಕ್ಕೆ ಏನೂ ಮಾಡುವುದಿಲ್ಲ. ಆವಿಯಾಗಿ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಸಾಂದ್ರವಾದರಷ್ಟೇ ಹುಳುವಿಗೆ ತೊಂದರೆ. ದಿನಕ್ಕೆ ಹತ್ತು ಸಲ ತೆರೆಯುವ ವಾರ್ಡ್‌ರೋಬಿನಲ್ಲಿ ನಾಲ್ಕು ಗುಳಿಗೆ ಹಾಕಿದರೆ ವಾಸನೆ ನಮಗೆ, ಹುಳುವಿಗೇನೂ ಇಲ್ಲ. ಟ್ರಂಕಿನಲ್ಲಿ ಹಾಕುವುದಿದ್ದರೆ ಬಟ್ಟೆಯ ಚೂರಿನಲ್ಲಿ ಕಟ್ಟಿ, ಜರಿಗೆ ತಗಲದಂತೆ ಇಡಿ. ಕರ್ಪೂರವನ್ನೂ ನುಸಿಗುಳಿಗೆಯನ್ನೂ ಒಟ್ಟಿಗೆ ಇಡಬೇಡಿ, ಎರಡೂ ಸೇರಿ ಕರಗಿ ಕಲೆಯಾಗಬಹುದು. ಎಳೆಮಕ್ಕಳ ಬಟ್ಟೆಯ ಹತ್ತಿರವಂತೂ ನುಸಿಗುಳಿಗೆ ಸುಳಿಯಲೇಬಾರದು. ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆ ಬರುತ್ತದೆ, ಪ್ರಾಣಕ್ಕೂ ಸಂಚಕಾರ. ಕೊರತೆ ಇದೆಯೆಂದು ಹೆತ್ತವರಿಗೆ ಮೊದಲೇ ಗೊತ್ತಿರುವುದಿಲ್ಲ. ಬಾಣಂತಿ ಮನೆಗೆ ಅಜ್ಜಿ ಟ್ರಂಕಿನಿಂದ ತೆಗೆದು ಕೊಡುವ ಹಳೇ ದುಪಟಿಯನ್ನು ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಮಗುವಿಗೆ ಸುತ್ತಬೇಕು.

ಹಿರಿಯರು ಇಡುತ್ತಿದ್ದ ಬಜೆಯ ಬೇರು, ಒಣಗಿದ ಬೇವಿನ ಎಲೆ, ಲಾವಂಚ, ಲವಂಗ ಹುಳುವನ್ನು ಕೊಲ್ಲಲಾರವು, ದೂರ ಇಡುವುದಕ್ಕೆ ಒಂದಿಷ್ಟು ನೆರವಾಗುತ್ತವೆ. ಇವೂ ಬಟ್ಟೆಯ ಚೀಲದಲ್ಲೇ ಇರಲಿ, ಎಲೆ ಪೂರ್ತಿ ಒಣಗಿರಲಿ, ಆರು ತಿಂಗಳಿಗೊಮ್ಮೆ ಬದಲಾಗಲಿ. ಪುಡಿಯಾಗಿ ಮೂಲೆ ಸೇರಿದ ಹಳೇ ಎಲೆಯಲ್ಲೇ ಹುಳು ಮನೆ ಮಾಡಿದರೆ ಕೇಳುವವರಿಲ್ಲ.

ಕೊಡುವ ತಗೊಳ್ಳುವ ಖಾನೆ

ಹೊರನಾಡಿನ ಯಾವ ಪುಸ್ತಕವೂ ಹೇಳದ ಖಾನೆಯೊಂದು ನಮ್ಮ ಬೀರುಗಳಲ್ಲಿದೆ. ಅರಿಶಿನ ಕುಂಕುಮಕ್ಕೆ ಕರೆದಾಗ ಕೊಟ್ಟ ಕಣ, ಗೌರಿ ಬಾಗಿನದ್ದು, ಗೃಹಪ್ರವೇಶದ ಮುಯ್ಯಿಯ ಪಂಚೆ ಶಲ್ಯ, ಹೊಲಿಸಲೂ ಆಗದ ಎಸೆಯಲೂ ಬಾರದ ಎಂಬತ್ತು ಸೆಂಟಿಮೀಟರ್ ಬ್ಲೌಸ್ ಪೀಸುಗಳು. ಕೆಲವು ಕಣಗಳು ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬಂದದ್ದೂ ಉಂಟು. ಈ ಖಾನೆಯನ್ನು ನಿಮ್ಮ ಬಟ್ಟೆಯ ಜೊತೆ ಬೆರೆಸಲೇಬೇಡಿ. ಒಂದು ಮುಚ್ಚಳದ ಡಬ್ಬಿ ಮಾಡಿ. ಬಂದ ದಿನವೇ ನೋಡಿ, ಹೊಲಿಸುವಂಥದ್ದಾದರೆ ದರ್ಜಿಗೆ ಕೊಡುವ ಚೀಲಕ್ಕೆ ಹಾಕಿ, ಉಳಿದದ್ದು ಡಬ್ಬಿಗೆ. ಒಳಗೆ ಕೊಟ್ಟವರ ಹೆಸರಿನ ಚೀಟಿ ಇರಲಿ. ಅವರದ್ದನ್ನು ಅವರಿಗೇ ತಿರುಗಿ ಕೊಟ್ಟು ಪೇಚಿಗೆ ಸಿಕ್ಕುವುದು ತಪ್ಪುತ್ತದೆ. ಡಬ್ಬಿ ತುಂಬಿದರೆ ಇನ್ನೊಂದು ಡಬ್ಬಿ ತರಬೇಡಿ. ಹೊಲಿಗೆ ಕಲಿಯುತ್ತಿರುವ ಹುಡುಗಿಯರಿಗೆ ಅಭ್ಯಾಸಕ್ಕೆ ಇಂಥ ಕಣಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಇನ್ನೊಬ್ಬರ ಬೀರುವಿಗೆ ಕೈ ಹಾಕುವ ಮುನ್ನ ಕೇಳುವುದು ಮನೆಯ ಶಾಂತಿಗೆ ಒಳ್ಳೆಯದು. ‘ಅತ್ತೆ, ಈ ಸೀರೆ ಉಡೋದೇ ಇಲ್ವಲ್ಲ, ಯಾರಿಗಾದ್ರೂ ಕೊಡೋಣ್ವಾ?’ ಎಂದರೆ ‘ಇರ್ಲಿ ಬಿಡಮ್ಮ, ಅದೇನು ಅನ್ನ ಕೇಳುತ್ತಾ?’ ಎಂಬ ಉತ್ತರ ಬರುತ್ತದೆ. ‘ಕೊಡೋಣ್ವಾ’ ಎಂದು ಕೇಳುವ ಬದಲು ‘ಇದು ಯಾವಾಗ ತಗೊಂಡಿದ್ದು ಅತ್ತೆ?’ ಎಂದು ಕೇಳಿ ನೋಡಿ. ಕಥೆ ಹೇಳುತ್ತಾ ಹೇಳುತ್ತಾ ಅವರೇ ಎರಡು ಸೀರೆ ತೆಗೆದು ‘ಇದು ನಿನಗಿರಲಿ, ಇದು ಲಕ್ಷ್ಮಿಗೆ ಕೊಡು’ ಅನ್ನುವ ಸಂಭವ ಹೆಚ್ಚು.

ಹೊರಗೆ ಹೋಗುವ ಬಟ್ಟೆ

ಎರಡು ಬೇಸಿಗೆ ಕಳೆದರೂ ಮೈಗೆ ಹತ್ತದ ದಿನಬಳಕೆಯ ಬಟ್ಟೆಯನ್ನು ಕಳಿಸಲು ಹಿಂದೆಮುಂದೆ ನೋಡಬೇಕಿಲ್ಲ. ಸಣ್ಣಗಾದ ಮೇಲೆ ಹಾಕಿಕೊಳ್ಳುತ್ತೇನೆಂದು ಇಟ್ಟ ಪ್ಯಾಂಟಿಗೂ ಇದೇ ನ್ಯಾಯ. ಹಾಕಿಕೊಳ್ಳುವ ಸ್ಥಿತಿಯಲ್ಲಿರುವುದನ್ನು ಒಗೆದು, ಗುಂಡಿ ಹೊಲಿದು, ಗಂಡಸರದು ಹೆಂಗಸರದು ಮಕ್ಕಳದು ಎಂದು ಬೇರೆ ಬೇರೆ ಚೀಲಕ್ಕೆ ಹಾಕಿ ಕೊಡಿ. 1999ರಿಂದ ಹಳೇ ಬಟ್ಟೆ ಸಂಗ್ರಹಿಸಿ ಹಳ್ಳಿಗಳಿಗೆ ಮುಟ್ಟಿಸುತ್ತಿರುವ ಗೂಂಜ್‌ನಂಥ ಸಂಸ್ಥೆಗಳು ಕೇಳುವುದೂ ಇದನ್ನೇ. ಒಳಉಡುಪು, ಹರಿದದ್ದು, ಕಲೆ ಹತ್ತಿದ್ದು ದಾನಕ್ಕೆ ಬೇಡ. ಹತ್ತಿಯದಾದರೆ ಅವು ಒರೆಸುವ ಬಟ್ಟೆಯಾಗಲಿ. ಬೀದಿಯಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದರೆ ಅದೂ ಒಳ್ಳೆಯ ವ್ಯಾಪಾರವೇ. ಹೋದ ಬಟ್ಟೆಯ ಜಾಗಕ್ಕೆ ಅಡುಗೆಮನೆಯಲ್ಲಿ ಪಾತ್ರೆ ತುಂಬುತ್ತದೆ ಎನ್ನುವುದು ಬೇರೆ ಮಾತು.

ಸೀಳಿದ ಅಸಲಿ ಜರಿ ಸೀರೆಯನ್ನು ಎಸೆಯಬೇಡಿ. ಬೆಳ್ಳಿಗಾಗಿ ಅದನ್ನು ಕೊಳ್ಳುವವರು ಚಿಕ್ಕಪೇಟೆಯಂಥ ಕಡೆ ಇದ್ದಾರೆ. ಒಬ್ಬರ ಮಾತಿಗೆ ಒಪ್ಪದೆ ಎರಡು ಮೂರು ಅಂಗಡಿ ವಿಚಾರಿಸಿ. ಅಂಚು ಗಟ್ಟಿಯಿದ್ದರೆ ಬಿಡಿಸಿ ಹೊಸ ರೇಷ್ಮೆಗೆ ಕೂಡಿಸಿ ಮಗಳಿಗೆ ಲಂಗ ಹೊಲಿಸುವುದು ಅದಕ್ಕಿಂತ ಲಾಭ.

ಮೆತ್ತಗಾದ ಹತ್ತಿ ಸೀರೆಗಳಿಗೆ ಕೌದಿಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಕೂಲಿ ಕೊಟ್ಟರೆ ಹೊಲಿದು ಕೊಡುವ ಹೆಂಗಸರು ಈಗಲೂ ಇದ್ದಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರು ಹೊಲಿಯುವ ಬಣ್ಣಬಣ್ಣದ ಕೌದಿಗಳಂತೂ ಪ್ರದರ್ಶನಗಳಿಗೂ ಹೋಗಿವೆ. ಒಂದು ದೊಡ್ಡ ಕೌದಿಗೆ ನಾಲ್ಕೈದು ಸೀರೆ ಹಿಡಿಯುತ್ತವೆ, ಅಷ್ಟು ಸೀರೆ ಹೋದರೆ ಬೀರುವಿನಲ್ಲಿ ಅರ್ಧ ಖಾನೆ ತೆರವಾಯಿತು. ಕೊಡುವ ಮುಂಚೆ ಫಾಲ್ ಬಿಚ್ಚಿ, ಗಂಜಿ ಹೋಗುವಂತೆ ಒಗೆಯಿರಿ. ಗಂಜಿ ಇದ್ದರೆ ಸೂಜಿ ಇಳಿಯುವುದಿಲ್ಲ ಎಂದು ಹೊಲಿಯುವವರು ವಾಪಸ್ ಕಳಿಸುತ್ತಾರೆ.